ಮನೆಯಲ್ಲಿ ಹೊಲಿಯುವ ಮಾಸ್ಕ್: ಮೂಗಿನ ಮೇಲೆ ಕೂರೋಕೆ ಯಾವ ತಂತಿ, ಯಾವ ಪಟ್ಟಿ ಒಳ್ಳೇದು?

ಕೆರಗೋಡು ಹೊಲಿಗೆ

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ನಮ್ಮ ಸ್ತ್ರೀಶಕ್ತಿ ಸಂಘದವರು ಕೊರೊನಾ ಲಾಕ್‌ಡೌನ್ ಶುರುವಾದಾಗಿನಿಂದ ಮಾಸ್ಕ್ ಹೊಲಿಯುತ್ತಿದ್ದೇವೆ. ಈ 2021ರ ಜನವರಿ 1ರಿಂದ ಎಸ್ಸೆಸ್ಸೆಲ್ಸಿ ಮತ್ತು ಸೆಕೆಂಡ್ ಪಿಯು ಮಕ್ಕಳಿಗೆ ತರಗತಿ ಶುರುವಾಗಿದೆ ಅಲ್ವಾ. ನಮ್ಮೂರ ಹೈಸ್ಕೂಲ್ ಮಕ್ಕಳಿಗೆ ನಾವೇ ಹೊಲಿದು ಕೊಡೋಣ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಬಟ್ಟೆ ಸಿಕ್ಕಿದೆ, ಎಲಾಸ್ಟಿಕ್ ಸಿಕ್ಕಿದೆ. ಮೂರು ಪದರ ಹಾಕುತ್ತಿದ್ದೇವೆ.

ತೊಂದರೆ ಇರೋದು ಮೂಗಿನ ಹತ್ತಿರ. ಮಕ್ಕಳು ಪಾಠ ಓದುವಾಗ ಮಾಸ್ಕ್ ಜಾರಿ ಮೂಗಿನ ತುದಿಗೆ ಬರುತ್ತದೆ. ಕನ್ನಡಕ ಹಾಕುವ ಮಕ್ಕಳಿಗಂತೂ ಬೋರ್ಡೇ ಕಾಣುವುದಿಲ್ಲ, ಪೂರ್ತಿ ಮಂಜು. ಮೆಡಿಕಲ್ ಸ್ಟೋರ್ ಮಾಸ್ಕ್‌ನಲ್ಲಿ ಒಳಗೊಂದು ತಂತಿ ಇರುತ್ತದಲ್ಲ, ಅದರ ಬದಲು ನಾವು ಏನು ಹಾಕಬಹುದು? ಮೂರು ವಿಷಯ ಗಮನದಲ್ಲಿ ಇಟ್ಟುಕೊಂಡು ಹೇಳಿ. ಮಂಡ್ಯ ಪೇಟೆಬೀದಿಯಲ್ಲೋ ಮೈಸೂರಲ್ಲೋ ಸಿಗಬೇಕು. ಬೆಲೆ ಕಮ್ಮಿ ಇರಬೇಕು. ನಮ್ಮ ಕಡೆ ಮಾಸ್ಕನ್ನೂ ಒಗೆಯುವ ಕಲ್ಲಿನ ಮೇಲೆ ಹಾಕಿ ಕುಕ್ಕಿ ಒಗೆಯುತ್ತಾರೆ, ಅದಕ್ಕೂ ತಡೆಯಬೇಕು.

ಅಗ್ರಹಾರದ ವೈರಿಂಗ್

ಅಕ್ಕ, ನಾನು ಮೈಸೂರಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ತಾಮ್ರದ ವೈರ್ ಹಾಕಿ. ಆದರೆ ಒಂದೇ ಎಳೆ ಇರುವ ವೈರ್ ಕೇಳಿ ತಗೊಳ್ಳಿ. ಈಗ ಮನೆ ವೈರಿಂಗ್‌ಗೆ ಬರುವುದೆಲ್ಲ ಕೂದಲಿನಂಥ ಹತ್ತಾರು ಎಳೆ ಸೇರಿದ್ದು. ಅದನ್ನು ಹೇಗೆ ಬಗ್ಗಿಸಿದರೂ ನಿಲ್ಲುವುದಿಲ್ಲ, ತುದಿಯಲ್ಲಿ ಎಳೆಗಳು ಬಿಚ್ಚಿಕೊಂಡು ಬಟ್ಟೆಯಿಂದ ಹೊರಗೆ ಚುಚ್ಚುತ್ತವೆ. ಒಂದೇ ಎಳೆಯ 1 ಸ್ಕ್ವೇರ್ ಎಂಎಂ ತಾಮ್ರ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ ಇರುತ್ತದೆ. ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಬಗ್ಗಿದ ಹಾಗೇ ಇರುತ್ತದೆ. ನಮಗೆ ಬೇಕಿರೋದು ಇದೇ ಗುಣ. ಬಿಟ್ಟ ಕೂಡಲೇ ಹಿಂದಕ್ಕೆ ಚಿಮ್ಮುವ ತಂತಿ ಎಷ್ಟು ಗಟ್ಟಿ ಇದ್ದರೂ ಮೂಗಿಗೆ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಹಳೇ ಮನೆ ಕೆಡವಿದಾಗ ಬಂದ ವೈರ್ ಇದೆ ಅಂತ ಅದನ್ನೇ ಹಾಕಬೇಡಿ. ಹಳೇ ಪಿವಿಸಿ ವೈರ್‌ನ ಪ್ಲಾಸ್ಟಿಕ್‌ಗೆ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಮಕ್ಕಳು ಮಾಸ್ಕನ್ನು ಬಾಯಿಗೆ ಕಚ್ಚುತ್ತಾರೆ. ಆ ಪ್ಲಾಸ್ಟಿಕ್ ಬಿರುಕು ಬಿಟ್ಟು ಪುಡಿ ಉದುರುತ್ತಿರುತ್ತದೆ ಬೇರೆ.

ಗೆಜ್ಜಲಗೆರೆ ಹುಡುಗ

ನಮ್ಮ ಮನೆ ಕಟ್ಟುವಾಗ ಉಳಿದ ಬೈಂಡಿಂಗ್ ವೈರ್ ಒಂದು ಸುರುಳಿ ಇದೆ. ಕಂಬಿ ಕಟ್ಟುತ್ತಾರಲ್ಲ, ಅದು. ತುಂಬಾ ಮೆತ್ತಗೆ ಬಗ್ಗುತ್ತದೆ, ಬಗ್ಗಿದ ಹಾಗೇ ನಿಲ್ಲುತ್ತದೆ. ಪುಕ್ಕಟೆ ಕೊಡುತ್ತೇನೆ, ಸಂಘದವರು ತಗೊಂಡು ಹೋಗಬಹುದು.

ಸಂತೆಪೇಟೆ

ಕೊಡುವ ಮನಸ್ಸು ದೊಡ್ಡದು ತಮ್ಮ. ಆದರೆ ಅದು ಬೇಡ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುವವನು, ಆ ತಂತಿ ದಿನವೂ ಕೈಯಲ್ಲಿ ಹಿಡಿಯುತ್ತೇನೆ. ಅದು ಕಬ್ಬಿಣವನ್ನು ಕಾಯಿಸಿ ಮೆತ್ತಗೆ ಮಾಡಿದ್ದು. ಮೇಲೆ ಯಾವ ಲೇಪನವೂ ಇಲ್ಲ. ಕಾಂಕ್ರೀಟ್ ಒಳಗೆ ಹೋಗುವ ವಸ್ತು ಆದ್ದರಿಂದ ಅಲ್ಲಿಗೆ ಸಾಕು. ಮಾಸ್ಕ್‌ನಲ್ಲಿ ಬೆವರು, ಉಸಿರಿನ ತೇವ, ಸೋಪಿನ ನೀರು ಎಲ್ಲ ತಾಗುತ್ತದೆ. ಮೂರ್ನಾಲ್ಕು ಸಲ ಒಗೆಯುವಷ್ಟರಲ್ಲಿ ತುಕ್ಕು ಬಟ್ಟೆಯ ಮೇಲೆ ಕಂದು ಗೆರೆ ಬಿಡುತ್ತದೆ.

ಕಬ್ಬಿಣವೇ ಬೇಕು ಅಂದರೆ ಜಿಐ ತಂತಿ ತಗೊಳ್ಳಿ. ಮೇಲೆ ಸತುವಿನ ಲೇಪನ ಇರುತ್ತದೆ, ತುಕ್ಕು ತಡವಾಗಿ ಬರುತ್ತದೆ. ಆದರೂ ಕತ್ತರಿಸಿದ ಎರಡು ತುದಿಯಲ್ಲಿ ಲೇಪನ ಇರುವುದಿಲ್ಲ, ಅಲ್ಲಿಂದಲೇ ಶುರು. ಗೇಜ್ ವಿಷಯದಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ನಂಬರ್ ಹೆಚ್ಚಾದಷ್ಟೂ ತಂತಿ ಸಣ್ಣ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 20 ಅಂದರೆ 0.9, 22 ಅಂದರೆ 0.7. ಜಿಐನಲ್ಲಿ 18 ಮಕ್ಕಳ ಬೆರಳಿಗೆ ಗಟ್ಟಿ ಆಗುತ್ತದೆ. 20 ಅಥವಾ 22 ಸರಿ. ತಾಮ್ರ, ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಅದರಲ್ಲಿ 18 ನಡೆಯುತ್ತದೆ.

ಮೇಷ್ಟ್ರು ಸರಸ್ವತಿಪುರಂ

ತಂತಿ ಆರಿಸುವ ಮುಂಚೆ ಅದು ಮಾಡಬೇಕಾದ ಕೆಲಸ ಏನು ಅಂತ ಒಂದು ಸಲ ನೋಡೋಣ. ನಾನು ಭೌತಶಾಸ್ತ್ರ ಪಾಠ ಮಾಡುವವನು, ಜೊತೆಗೆ ದಪ್ಪ ಕನ್ನಡಕದವನು.

ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಮೂರು ಪದರದ ಬಟ್ಟೆ ದಾಟುವುದು ಕಷ್ಟ, ಮೂಗಿನ ಪಕ್ಕದ ಸಂದಿಯಲ್ಲಿ ನುಗ್ಗುವುದು ಸುಲಭ. ಸಂದಿ ಇದ್ದರೆ ಎಷ್ಟು ಒಳ್ಳೆಯ ಬಟ್ಟೆ ಹಾಕಿದರೂ ಉಸಿರು ಆ ಕಡೆಯಿಂದಲೇ ಹೋಗುತ್ತದೆ, ಬರುತ್ತದೆ. ಹೊರಬಂದ ಬಿಸಿ ಉಸಿರಿನ ತೇವ ತಣ್ಣಗಿರುವ ಗಾಜಿಗೆ ತಾಗಿ ಹನಿಯಾಗುತ್ತದೆ. ಹಾಗಾಗಿ ಕನ್ನಡಕದ ಮಂಜು ನಮಗೆ ಸಿಗುವ ಸುಳಿವು. ಮಂಜು ಹಿಡಿಯುತ್ತಿದೆ ಅಂದರೆ ಮೇಲೆ ಸೋರುತ್ತಿದೆ ಅಂತ ಅರ್ಥ. ಈ ಜನವರಿಯ ಬೆಳಗಿನ ಚಳಿಯಲ್ಲಿ ಪರೀಕ್ಷೆ ಮಾಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಕನ್ನಡಕ ಇಲ್ಲದ ಮಕ್ಕಳಿಗೆ ಒಂದು ಪುಟ್ಟ ಕನ್ನಡಿಯನ್ನು ಕೆನ್ನೆಯ ಮೇಲ್ಭಾಗಕ್ಕೆ ಹಿಡಿದು ಜೋರಾಗಿ ಉಸಿರು ಬಿಡಲು ಹೇಳಿ. ಯಾವ ಪಕ್ಕ ಮಂಜಾಯಿತೋ ಆ ಪಕ್ಕ ಇನ್ನೊಮ್ಮೆ ಒತ್ತಬೇಕು.

ಇನ್ನು ಆಕಾರ. ದುಂಡು ತಂತಿಗಿಂತ ಚಪ್ಪಟೆ ಪಟ್ಟಿ ಮೇಲು. ದುಂಡನೆಯದು ಬಟ್ಟೆಯ ಒಳಗೆ ಉರುಳಿ ತಿರುಗುತ್ತದೆ. ಮೂಗಿಗೆ ಅಂತ ಮಾಡಿದ ಬಾಗು ಹಣೆಯ ಕಡೆ ತಿರುಗಿ ನಿಂತಿರುತ್ತದೆ. ಮೂಗಿನ ದಿಂಡಿನ ಮೇಲೆ ಒಂದೇ ಗೆರೆಯಾಗಿ ಒತ್ತಿ ಕೆಂಪಾಗುವುದೂ ಉಂಟು. ಸುಮಾರು 5 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿಯಾದರೆ ಒತ್ತಡ ಹರಡುತ್ತದೆ, ತಿರುಗುವುದಿಲ್ಲ. ಉದ್ದ ದೊಡ್ಡವರಿಗೆ 9ರಿಂದ 10 ಸೆಂ.ಮೀ., ಹತ್ತನೇ ಕ್ಲಾಸಿನ ಮಕ್ಕಳಿಗೆ 8ರಿಂದ 9 ಸಾಕು. ಮೂಗಿನ ದಿಂಡಿನಿಂದ ಇಳಿದು ಎರಡೂ ಕೆನ್ನೆಯ ಮೂಳೆಯ ಮೇಲೆ ಸ್ವಲ್ಪ ಕೂರಬೇಕು. ತುಂಬಾ ಜನ ಐದಾರು ಸೆಂಟಿಮೀಟರ್ ಹಾಕಿ ಬಿಡುತ್ತಾರೆ, ಅದು ಮೂಗನ್ನು ಮಾತ್ರ ಹಿಡಿಯುತ್ತದೆ. ಸೋರುವುದು ಮೂಗಿನ ಪಕ್ಕದ ಹಳ್ಳದಲ್ಲಿ.

ಗಿಡ ಬೆಳೆಸುವವಳು

ನರ್ಸರಿಯಲ್ಲಿ ಬಳ್ಳಿ ಕಟ್ಟಲು ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿ ಸುರುಳಿ ಸಿಗುತ್ತದೆ. ನಾನು ಅದನ್ನೇ ಹಾಕಿದ್ದೇನೆ, ಎರಡು ಎಳೆ ಪಕ್ಕ ಪಕ್ಕ ಇಟ್ಟು. ಪ್ಲಾಸ್ಟಿಕ್ ಎರಡೂ ಕಡೆ ಅಗಲಕ್ಕೆ ಇರುವುದರಿಂದ ಮೇಷ್ಟ್ರು ಹೇಳಿದ ಹಾಗೆ ಉರುಳುವುದಿಲ್ಲ. ಹೊಸ ಮಿಕ್ಸಿ, ಚಾರ್ಜರ್ ತಂದಾಗ ವೈರ್ ಸುತ್ತಿ ಕಟ್ಟಿರುತ್ತಾರಲ್ಲ ಕಪ್ಪು ಕಟ್ಟು, ಅದೂ ಇದೇ ಜಾತಿ. ಕಾಗದ ಹೊದಿಸಿದ ಕಟ್ಟು ಮಾತ್ರ ಬೇಡ. ನೀರು ಬಿದ್ದರೆ ಕಾಗದ ಕರಗಿ ಬರೀ ತಂತಿ ಉಳಿಯುತ್ತದೆ.

ಕೆರಗೋಡು ಹೊಲಿಗೆ

ಇದು ನಮಗೆ ಸುಲಭವಾಗಿ ಸಿಗುತ್ತದೆ ಅನ್ನಿಸುತ್ತದೆ. ಆದರೆ ಬಿಸಿ ನೀರಲ್ಲಿ ಕುದಿಸಿದರೆ ಆ ಪ್ಲಾಸ್ಟಿಕ್ ಏನಾಗುತ್ತದೆ?

ವಾರ್ಡ್ ಸಿಸ್ಟರ್

ಕೇಳಬೇಕಾದ ಪ್ರಶ್ನೆ ಇದೇ ಅಕ್ಕ. ತಂತಿಯನ್ನು ಅಂಗಡಿಯಲ್ಲಿ ನೋಡಿ ಆರಿಸುವ ಬದಲು, ಆ ಮಾಸ್ಕನ್ನು ಮನೆಯಲ್ಲಿ ಹೇಗೆ ಒಗೆಯುತ್ತಾರೆ ಅಂತ ನೋಡಿ ಆರಿಸಬೇಕು. ನಾನು ಮೈಸೂರಲ್ಲಿ ನರ್ಸ್ ಆಗಿದ್ದೇನೆ, ಮನೆ ಮಾಸ್ಕ್ ತೊಟ್ಟು ಬರುವವರನ್ನು ದಿನವೂ ನೋಡುತ್ತೇನೆ.

ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2020ರ ಮಾರ್ಚ್ ಕೊನೆಯಲ್ಲಿ ಮನೆ ಮಾಸ್ಕ್ ಬಗ್ಗೆ ಒಂದು ಕೈಪಿಡಿ ಹೊರಡಿಸಿತ್ತು. ಅದರಲ್ಲಿ ತೊಳೆಯುವ ವಿಧಾನ ಹೀಗಿದೆ. ಸೋಪು ಮತ್ತು ಬಿಸಿ ನೀರಲ್ಲಿ ಒಗೆದು ಬಿಸಿಲಲ್ಲಿ ಕನಿಷ್ಠ 5 ಗಂಟೆ ಒಣಗಿಸಿ. ಇಲ್ಲವಾದರೆ ಪ್ರೆಶರ್ ಕುಕ್ಕರ್‌ನಲ್ಲಿ ನೀರಿನ ಜೊತೆ ಕನಿಷ್ಠ 10 ನಿಮಿಷ ಕುದಿಸಿ, ನೀರಿಗೆ ಉಪ್ಪು ಹಾಕಿ. ಕುಕ್ಕರ್ ಇಲ್ಲದಿದ್ದರೆ 15 ನಿಮಿಷ ಕುದಿಸಿ. ಒಗೆದ ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ 5 ನಿಮಿಷದವರೆಗೆ ಕಾವು ಕೊಡುವುದೂ ಒಂದು ದಾರಿ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2020ರ ಜೂನ್‌ನಲ್ಲಿ ಬಟ್ಟೆ ಮಾಸ್ಕನ್ನು ಸಾಧ್ಯವಾದರೆ 60 ಡಿಗ್ರಿ ಬಿಸಿ ನೀರಲ್ಲಿ ಒಗೆಯಿರಿ ಅಂದಿತ್ತು.

ಈಗ ಒಂದೊಂದನ್ನೂ ತಂತಿಯ ಪಕ್ಕ ಇಟ್ಟು ನೋಡಿ. ಉಪ್ಪು ನೀರು ಕಬ್ಬಿಣಕ್ಕೆ ಆಗದು, ತುಕ್ಕು ಬೇಗ ಹಿಡಿಯುತ್ತದೆ. ಪ್ರೆಶರ್ ಕುಕ್ಕರ್ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಪಾಲಿಥಿನ್ ಹೊದಿಕೆ ಅಷ್ಟೊತ್ತಿಗೆ ಕರಗಿ ಬಟ್ಟೆಗೆ ಅಂಟಿಕೊಳ್ಳಬಹುದು. ಪಿವಿಸಿ ಇನ್ನೂ ಮುಂಚೆಯೇ ಮೆತ್ತಗಾಗುತ್ತದೆ. ಕಾಟನ್‌ಗೆ ಇಡುವ ಇಸ್ತ್ರಿ ಕಾವು ಸುಮಾರು 200 ಡಿಗ್ರಿ, ಅದರ ಮುಂದೆ ಯಾವ ಪ್ಲಾಸ್ಟಿಕ್ ತಂತಿಯೂ ಉಳಿಯುವುದಿಲ್ಲ. ಅಲ್ಯೂಮಿನಿಯಂ ಪಟ್ಟಿ ಇದೆಲ್ಲಕ್ಕೂ ತಡೆಯುತ್ತದೆ. ಆದರೆ ಕುದಿಸಿದರೆ ಕಪ್ಪಾಗುತ್ತದೆ, ವಾಷಿಂಗ್ ಸೋಡಾ ಹಾಕಿದರೆ ಇನ್ನೂ ಜಾಸ್ತಿ. ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪು ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ತಾಮ್ರಕ್ಕೆ ಬೆವರು ತಾಗಿ ಕಿಲುಬು ಬರುತ್ತದೆ, ಬಿಳಿ ಬಟ್ಟೆ ಹಸಿರಾಗುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಯಾವ ತಂತಿಯಾದರೂ ಹಾಕಿ, ತೆಗೆದು ಮತ್ತೆ ಹಾಕುವ ಹಾಗೆ ಇರಲಿ. ಬಟ್ಟೆ ಕುದಿಯಲಿ, ತಂತಿಯನ್ನು ಪ್ರತ್ಯೇಕವಾಗಿ ಸೋಪಿನಲ್ಲಿ ತೊಳೆದು ಒರೆಸಿ ಇಟ್ಟರೆ ಸಾಕು.

ಪಾಂಡವಪುರ ಟೈಲರ್

ಸಿಸ್ಟರ್ ಹೇಳಿದ್ದು ಸರಿ. ಆದರೆ ಮಕ್ಕಳ ಮಾಸ್ಕ್‌ಗೆ ತೆಗೆಯುವ ತಂತಿ ಇಟ್ಟರೆ ಒಂದು ವಾರದಲ್ಲಿ ಅರ್ಧ ಕಳೆದಿರುತ್ತವೆ. ಕ್ಲಾಸಿನಲ್ಲಿ ಕೂತು ಎಳೆದು ಎಳೆದು ಆಡುತ್ತಾರೆ. ಪಕ್ಕದವನ ಕಣ್ಣಿಗೆ ತಾಗಿದರೆ ಯಾರು ಹೊಣೆ? ನಾನು ಮೂವತ್ತು ವರ್ಷದಿಂದ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ, ಮಕ್ಕಳ ಕೈ ಎಂಥದ್ದು ಅಂತ ಗೊತ್ತು. ಹೊಲಿದು ಮುಚ್ಚಿ ಬಿಡುವುದೇ ಕ್ಷೇಮ.

ವಾರ್ಡ್ ಸಿಸ್ಟರ್

ಅಣ್ಣ, ಕಲ್ಲಿನ ಮೇಲೆ ಕುಕ್ಕುತ್ತಾರೆ ಅಂತ ಅಕ್ಕ ಮೊದಲೇ ಹೇಳಿದ್ದಾರೆ. ಮುಚ್ಚಿ ಹೊಲಿದ ತಂತಿ ಒಗೆತದಲ್ಲಿ ಮುರಿದರೆ ಅದರ ಚೂಪು ತುದಿ ಬಟ್ಟೆ ತೂರಿ ನೇರ ಕಣ್ಣಿನ ಕೆಳಗೆ ಬರುತ್ತದೆ. ಅದು ಇನ್ನೂ ಅಪಾಯ ಅಲ್ವಾ?

ಮೇಷ್ಟ್ರು ಸರಸ್ವತಿಪುರಂ

ಮುರಿಯುವುದಕ್ಕೆ ಕಾರಣವೂ ಹೇಳುತ್ತೇನೆ. ತಾಮ್ರ, ಅಲ್ಯೂಮಿನಿಯಂ ಎರಡೂ ಬಗ್ಗಿಸಿದಷ್ಟೂ ಗಡಸಾಗುತ್ತವೆ. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಅಲ್ಲಿ ಬಿರುಕು ಬಿಟ್ಟು ತುಂಡಾಗುತ್ತದೆ. ಮಾಸ್ಕ್ ಬಿಚ್ಚಿದ ಕೂಡಲೇ ಮಕ್ಕಳು ಅದನ್ನು ನಡುವೆ ಮಡಿಚಿ ಜೇಬಿಗೆ ತುರುಕುತ್ತಾರೆ, ಮತ್ತೆ ಬಿಚ್ಚಿ ಮೂಗಿಗೆ ಒತ್ತುತ್ತಾರೆ. ಮುರಿಯುವುದು ಯಾವಾಗಲೂ ಆ ನಡು ಮಡಿಕೆಯಲ್ಲೇ. ಒಂದು ಸಲ ಮೂಗಿಗೆ ಸರಿಯಾಗಿ ಕೂರಿಸಿದ ಮೇಲೆ ಆ ಬಾಗು ಹಾಗೇ ಇರಲಿ. ಮಡಿಚುವುದಿದ್ದರೆ ತಂತಿಗೆ ಪೆಟ್ಟಾಗದ ಹಾಗೆ, ಮೇಲಿನ ಅಂಚು ಬಿಟ್ಟು ಕೆಳಭಾಗವನ್ನು ಒಳಕ್ಕೆ ಮಡಿಚಲಿ. ಇದನ್ನು ಮಾಸ್ಕ್ ಕೊಡುವ ದಿನವೇ ಮಕ್ಕಳಿಗೆ ಮಾಡಿ ತೋರಿಸಬೇಕು. ಇನ್ನೊಂದು, ತಂತಿಯನ್ನು ಎರಡು ಬೆರಳಿಂದ ಚಿವುಟಬಾರದು. ನಡುವೆ ಎರಡೂ ತೋರುಬೆರಳು ಇಟ್ಟು, ಅಲ್ಲಿಂದ ಎರಡೂ ಪಕ್ಕಕ್ಕೆ ಒತ್ತುತ್ತಾ ಹೋಗಬೇಕು. ಚಿವುಟಿದರೆ ನಡುವೆ ಚೂಪಾದ ಕೋನ ಬಂದು ಅದರ ಕೆಳಗೆ ಸಂದಿ ಉಳಿಯುತ್ತದೆ.

ಮದ್ದೂರು ರೀವೈಂಡಿಂಗ್

ನಮ್ಮದು ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಅಂಗಡಿ. ಮಂಡ್ಯ ಜಿಲ್ಲೆಯಲ್ಲಿ ನಮ್ಮಂಥ ಅಂಗಡಿ ಇಲ್ಲದ ಹೋಬಳಿ ಇರಲಿಕ್ಕಿಲ್ಲ, ಹಾಗಾಗಿ ಇದನ್ನು ಬರೆಯಲೇಬೇಕು ಅನ್ನಿಸಿತು. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಕೇಳಿಕೊಂಡು ಕೆಲವರು ಬರುತ್ತಿದ್ದಾರೆ. ಮಾಸ್ಕ್‌ಗೆ ಅಂತ. ದಯವಿಟ್ಟು ಅದು ಬೇಡ. ಹಳೇ ವೈಂಡಿಂಗ್ ತಂತಿಗೆ ವಾರ್ನಿಷ್ ಮೆತ್ತಿರುತ್ತದೆ, ಸುಟ್ಟ ವಾಸನೆ ಇರುತ್ತದೆ, ಮೇಲಿನ ಎನಾಮೆಲ್ ಚಕ್ಕೆ ಚಕ್ಕೆಯಾಗಿ ಏಳುತ್ತಿರುತ್ತದೆ. ಮೂಗಿನ ಹತ್ತಿರ ಇಡುವ ವಸ್ತು ಅಲ್ಲ. ಬೆಂಕಿಗೆ ಹಾಕಿ ಎನಾಮೆಲ್ ಸುಟ್ಟರೆ ತಾಮ್ರ ಮೆತ್ತಗಾಗುವುದು ನಿಜ, ಆದರೆ ಆ ಹೊಗೆ ಕುಡಿಯುವುದು ಯಾರು?

ಹೊಸ ತಂತಿ ಬೇರೆ ಮಾತು. ಸಬ್‌ಮರ್ಸಿಬಲ್ ಮೋಟಾರ್‌ಗೆ ಪ್ಲಾಸ್ಟಿಕ್ ಸುತ್ತಿದ ತಾಮ್ರದ ತಂತಿ ಬರುತ್ತದೆ. ಮೋಟಾರ್ ನೀರಿನ ಒಳಗೇ ಇರುವುದರಿಂದ ನೀರು ತಾಗದ ಹಾಗೆ ಸುತ್ತಿರುತ್ತಾರೆ. ಒಂದೇ ಎಳೆ, ಮೆತ್ತನೆ ತಾಮ್ರ. ರೀಲ್‌ನ ಕೊನೆಯಲ್ಲಿ ಉಳಿಯುವ ಗಿಡ್ಡ ತುಂಡುಗಳು ನಮಗೆ ಯಾವ ಕೆಲಸಕ್ಕೂ ಬಾರವು, ತೂಕಕ್ಕೆ ಹಾಕುತ್ತೇವೆ. ಹತ್ತು ಸೆಂಟಿಮೀಟರ್ ತುಂಡು ನಿಮಗೆ ಸಾಕಲ್ಲ. ಯಾವ ಅಂಗಡಿಯಲ್ಲಿ ಕೇಳಿದರೂ ಗುಜರಿ ರೇಟಿಗೆ ಕೊಡುತ್ತಾರೆ. ಕುಕ್ಕರ್‌ಗೆ ಹಾಕುವಂತಿಲ್ಲ ಅಂತ ಸಿಸ್ಟರ್ ಹೇಳಿದ್ದು ಇದಕ್ಕೂ ಅನ್ವಯ.

ತುದಿ ಹೇಗೆ ಮುಗಿಸುವುದು ಅಂತ ಯಾರೂ ಬರೆದಿಲ್ಲ. ಕತ್ತರಿಸಿದ ತುದಿಯನ್ನು ಹಾಗೇ ಬಿಡಬಾರದು. ಮೂಗು ಚೂಪಿರುವ ಇಕ್ಕಳದಿಂದ ತುದಿ ಹಿಡಿದು ಪೂರ್ತಿ ಒಂದು ಸುತ್ತು ತಿರುಗಿಸಿ. ಗುಂಡಗೆ ಪುಟ್ಟ ಬಳೆ ಆಗಬೇಕು. ಆ ಬಳೆಯ ಮೇಲೆ ಬೆರಳು ಆಡಿಸಿದರೆ ಎಲ್ಲೂ ಕೊಕ್ಕೆ ಸಿಗಬಾರದು. ಎರಡೂ ತುದಿಗೆ ಒಂದೊಂದು ಸೆಂಟಿಮೀಟರ್ ಇದಕ್ಕೇ ಹೋಗುತ್ತದೆ, ಅಷ್ಟು ಸೇರಿಸಿ ಕತ್ತರಿಸಿ. ಈ ಬಳೆ ಇದ್ದರೆ ತಂತಿ ಒಳಗೆ ಉರುಳುವುದೂ ನಿಲ್ಲುತ್ತದೆ. ಚಪ್ಪಟೆಯಾಗಿ ಮಲಗಿಕೊಳ್ಳುತ್ತದೆ.

ಅಗ್ರಹಾರದ ವೈರಿಂಗ್

ಈ ಕೊನೆ ಮಾತು ಬಹಳ ಮುಖ್ಯ. ನಮ್ಮಲ್ಲಿ ವೈರ್ ಜಾಯಿಂಟ್‌ಗೆ ಹಾಕುವ ಹೀಟ್ ಶ್ರಿಂಕ್ ಟ್ಯೂಬ್ ಇದೆ. ತುದಿಗೆ ಸಣ್ಣ ತುಂಡು ಹಾಕಿ ಕಾವು ಕೊಟ್ಟರೆ ಬಿಗಿಯಾಗಿ ಕೂರುತ್ತದೆ. ಇನ್ಸುಲೇಷನ್ ಟೇಪ್ ಮಾತ್ರ ಸುತ್ತಬೇಡಿ. ಒಗೆದರೆ ಬಿಚ್ಚಿಕೊಂಡು ಅಂಟು ಎಲ್ಲಾ ಬಟ್ಟೆಗೆ.

ನೆಟ್‌ವರ್ಕ್ ಹೆಬ್ಬಾಳ

ಮನೆಯಿಂದ ಕೆಲಸ ಅಂತ ಹೋದ ವರ್ಷ ಎಲ್ಲ ಕಡೆ ಇಂಟರ್‌ನೆಟ್ ಕೇಬಲ್ ಎಳೆದಿದ್ದಾರೆ. ಉಳಿದ ತುಂಡುಗಳು ತುಂಬಾ ಜನರ ಮನೆಯಲ್ಲಿ ಬಿದ್ದಿವೆ. ಗೋಡೆ ಒಳಗೆ ಹೋಗುವ ಲ್ಯಾನ್ ಕೇಬಲ್‌ನಲ್ಲಿ ನಾಲ್ಕು ಜೊತೆ ತಂತಿ ಇರುತ್ತವೆ. ಪ್ರತಿ ತಂತಿಯೂ ಒಂದೇ ಎಳೆ, ಅರ್ಧ ಮಿಲಿಮೀಟರ್ ಹತ್ತಿರ ದಪ್ಪ. ಒಂದು ಜೊತೆಯನ್ನು ಬಿಚ್ಚದೆ ಹಾಗೇ ಹೆಣೆದುಕೊಂಡಂತೆ ಬಳಸಿದರೆ ಮೂಗಿಗೆ ಹಿತವಾಗಿ ಕೂರುತ್ತದೆ. ಚಿಕ್ಕ ಮಕ್ಕಳ ಮಾಸ್ಕ್‌ಗೆ ಅಷ್ಟೇ ಸಾಕು, ದೊಡ್ಡವರಿಗೆ ಎರಡು ಜೊತೆ ಪಕ್ಕ ಪಕ್ಕ.

ಎರಡು ಎಚ್ಚರಿಕೆ. ಕಡಿಮೆ ಬೆಲೆಯ ಕೇಬಲ್‌ನಲ್ಲಿ ತಾಮ್ರ ಬರೀ ಮೇಲಿನ ಲೇಪನ, ಒಳಗೆ ಅಲ್ಯೂಮಿನಿಯಂ. ಅದು ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. ಎರಡನೆಯದು, ಕಂಪ್ಯೂಟರ್‌ಗೆ ಸಿಕ್ಕಿಸುವ ರೆಡಿಮೇಡ್ ಗಿಡ್ಡ ಕೇಬಲ್ ಸಾಮಾನ್ಯವಾಗಿ ಹಲವು ಎಳೆಯದ್ದು. ಅದು ನಿಲ್ಲುವುದಿಲ್ಲ.

ಗೆಜ್ಜಲಗೆರೆ ಹುಡುಗ

ಸರಿ ಅಣ್ಣ, ಬೈಂಡಿಂಗ್ ವೈರ್ ಬಿಟ್ಟೆ. ಪಾರ್ಸೆಲ್ ಊಟದ ಫಾಯಿಲ್ ಡಬ್ಬಿ ಕತ್ತರಿಸಿ ಹಾಕಬಹುದಾ? ಕೂಲ್‌ಡ್ರಿಂಕ್ಸ್ ಟಿನ್?

ಸಂತೆಪೇಟೆ

ಟಿನ್ ಬೇಡವೇ ಬೇಡ. ಅದು ತೆಳ್ಳಗೆ, ಗಡಸು. ಕತ್ತರಿಸಿದ ಅಂಚು ಬ್ಲೇಡಿನಂತೆ ಕುಯ್ಯುತ್ತದೆ. ಬಗ್ಗಿಸಿದರೆ ಸ್ವಲ್ಪ ಹಿಂದಕ್ಕೂ ಚಿಮ್ಮುತ್ತದೆ. ಫಾಯಿಲ್ ಡಬ್ಬಿ ತುರ್ತಿಗೆ ಪರವಾಗಿಲ್ಲ. ಐದಾರು ಪದರ ಮಡಿಚಿ, ಅಂಚೆಲ್ಲ ಒಳಗೆ ಸೇರಿಸಿ ಚಪ್ಪಟೆ ಮಾಡಬೇಕು. ಊರಿಗೆ ಹೋಗಿ ಬರುವ ತನಕ ನಡೆಯುತ್ತದೆ, ಸಂಘದಿಂದ ಮಕ್ಕಳಿಗೆ ಕೊಡುವ ಮಾಸ್ಕ್‌ಗೆ ಸಾಲದು. ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿ ಕೇಳುವಾಗಲೂ ನೋಡಿ. ಕಿಟಕಿ ಬಾಗಿಲಿನ ಸೆಕ್ಷನ್‌ನದು ಗಡಸು ಮಿಶ್ರಲೋಹ, ಬೆರಳಲ್ಲಿ ಬಗ್ಗುವುದಿಲ್ಲ. ಮಾಸ್ಕ್‌ಗೆ ಅಂತಲೇ ತುಂಡು ಮಾಡಿದ, ಅಂಚು ಉರುಟು ಮಾಡಿದ ಮೆತ್ತನೆ ಪಟ್ಟಿ ಈಗ ಹೊಲಿಗೆ ಸಾಮಾನಿನ ಅಂಗಡಿಗಳಲ್ಲೇ ಬರುತ್ತಿದೆ. ಹಿಂದೆ ಅಂಟು ಇರುವುದೂ ಸಿಗುತ್ತದೆ. ಅಂಟಿನದು ಒಗೆಯುವ ಮಾಸ್ಕ್‌ಗೆ ಬೇಡ.

ಬಳಸಿ ಬಿಸಾಡಿದ ಸರ್ಜಿಕಲ್ ಮಾಸ್ಕ್‌ನಿಂದ ತಂತಿ ಕೀಳುವುದನ್ನು ನೋಡಿದ್ದೇನೆ. ಅದನ್ನು ಯಾರೂ ಮಾಡಬೇಡಿ.

ಚಾಮುಂಡಿಪುರಂ ಓದುಗಿ

ಒಂದು ಸಣ್ಣ ಸೇರ್ಪಡೆ. ಆರ್ಟಿಫಿಶಿಯಲ್ ಓಲೆ ಹಾಕಿದರೆ ಕಿವಿ ಕಡಿದು ನೀರು ಸೋರುವ ಹೆಣ್ಣುಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಹೆಚ್ಚಾಗಿ ಅದು ನಿಕ್ಕಲ್ ಒಗ್ಗದೆ ಬರುವುದು. ಅಂಥವರಿಗೆ ಪೇಪರ್ ಕ್ಲಿಪ್, ಹೊಳೆಯುವ ಕ್ರಾಫ್ಟ್ ತಂತಿ ಹಾಕಬೇಡಿ, ಅದರ ಮೇಲೆ ನಿಕ್ಕಲ್ ಲೇಪನ ಇರಬಹುದು. ಅಲ್ಯೂಮಿನಿಯಂ ಆದರೆ ಆ ಭಯ ಇಲ್ಲ. ಹೇಗೂ ಪೇಪರ್ ಕ್ಲಿಪ್ ಮೂಗಿಗೆ ಗಟ್ಟಿ.

ಪಾಂಡವಪುರ ಟೈಲರ್

ನೀವೆಲ್ಲ ತಂತಿಯ ಬಗ್ಗೆಯೇ ಮಾತಾಡುತ್ತಿದ್ದೀರಿ, ಕತ್ತರಿಯ ಕೆಲಸವನ್ನೂ ನೋಡಿ. ನೆರಿಗೆಯ ಚೌಕ ಮಾಸ್ಕ್‌ನ ಮೇಲಂಚು ನೇರ ಗೆರೆ. ಮುಖ ನೇರ ಗೆರೆ ಅಲ್ಲ. ಆ ಅಂತರವನ್ನು ಪೂರ್ತಿ ತಂತಿಯೇ ತುಂಬಬೇಕು ಅಂದರೆ ಗಟ್ಟಿ ತಂತಿ ಬೇಕಾಗುತ್ತದೆ. ಅದರ ಬದಲು ಮೇಲಂಚನ್ನೇ ಮೂಗಿಗೆ ಏರಿಸಿ, ಪಕ್ಕಕ್ಕೆ ಇಳಿಸಿ ಕತ್ತರಿಸಿ. ಒಳಪದರದಲ್ಲಿ ಮೂಗಿನ ಎರಡೂ ಪಕ್ಕ ಸಣ್ಣ ಟಕ್ಸ್ ಹಿಡಿಯಿರಿ, ಅಂದರೆ ಬಟ್ಟೆಯನ್ನು ಸ್ವಲ್ಪ ಚಿವುಟಿ ಮಡಿಚಿ ಹೊಲಿಯಿರಿ. ಆಗ ಬಟ್ಟೆಯೇ ಮುಕ್ಕಾಲು ಭಾಗ ಕೂರುತ್ತದೆ, ಮೆತ್ತನೆ ಪಟ್ಟಿ ಉಳಿದದ್ದನ್ನು ಹಿಡಿಯುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅದಕ್ಕಿಂತ ಸ್ವಲ್ಪ ದೊಡ್ಡ ಮಕ್ಕಳಿಗೆ ನಾನು ತಂತಿಯನ್ನೇ ಹಾಕುವುದಿಲ್ಲ, ಟಕ್ಸ್ ಹಿಡಿದು, ಮೇಲಂಚಿನ ಒಳಗೆ ಮಡಿಚಿದ ಬನಿಯನ್ ಬಟ್ಟೆ ಇಟ್ಟು ಹೊಲಿಯುತ್ತೇನೆ.

ಸಿಸ್ಟರ್ ಮಾತು ಯೋಚನೆ ಮಾಡಿದೆ. ಮುಚ್ಚಿ ಹೊಲಿಯುವುದಕ್ಕೂ ಪೂರ್ತಿ ತೆರೆದು ಬಿಡುವುದಕ್ಕೂ ನಡುವೆ ಒಂದು ದಾರಿ ಇದೆ. ಮೇಲಂಚಿಗೆ ಒಳಗಡೆಯಿಂದ ಒಂದು ಬಟ್ಟೆ ಪಟ್ಟಿ ಇಟ್ಟು, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ದಾರಿ ಮಾಡಿ. ಪಟ್ಟಿಯ ಒಂದು ತುದಿಯನ್ನು ಪೂರ್ತಿ ಮುಚ್ಚಿ. ಇನ್ನೊಂದು ತುದಿಯಲ್ಲಿ ಸೀಳನ್ನು ಮುಖದ ಕಡೆ ಬಿಡಿ, ಅದರ ಮೇಲೆ ಒಂದು ಅಂಗುಲ ಬಟ್ಟೆ ಇಳಿಬಿದ್ದು ಮುಚ್ಚಿಕೊಳ್ಳಬೇಕು, ದಿಂಬಿನ ಗವಸಿಗೆ ಬಿಡುತ್ತೀವಲ್ಲ ಅಷ್ಟೇ. ತಂತಿ ದಾರಿಗೆ ಬಿಗಿಯಾಗಿ ಹೋಗಬೇಕು. ಮಾಸ್ಕ್ ಹಾಕಿಕೊಂಡಾಗ ಸೀಳು ಕೆನ್ನೆಗೆ ಒತ್ತಿಕೊಂಡಿರುತ್ತದೆ, ಕ್ಲಾಸಿನಲ್ಲಿ ಕೈಗೆ ಸಿಗುವುದಿಲ್ಲ. ಮನೆಯಲ್ಲಿ ತಾಯಿ ತೆಗೆದು ಒಗೆಯಬಹುದು.

ವಾರ್ಡ್ ಸಿಸ್ಟರ್

ಇದು ತುಂಬಾ ಚೆನ್ನಾಗಿದೆ ಅಣ್ಣ. ನನ್ನ ಆತಂಕ ಪೂರ್ತಿ ಹೋಯಿತು.

ಇನ್ನೊಂದು ವಿಷಯ ಬರೆಯಲೇಬೇಕು, ಮಾಸ್ಕ್ ಮನೆಯ ದೊಡ್ಡವರಿಗೂ ಹೋಗುತ್ತದೆ ಅಂತ. ಎಂಆರ್‌ಐ ಸ್ಕ್ಯಾನ್‌ಗೆ ಹೋಗುವಾಗ ಲೋಹದ ತಂತಿ ಇರುವ ಮಾಸ್ಕ್ ಹಾಕಿಕೊಂಡು ಹೋಗಬಾರದು. ಹೋದ ತಿಂಗಳು, 2020ರ ಡಿಸೆಂಬರ್ 7ರಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಅಲ್ಲಿ ಒಬ್ಬ ರೋಗಿಗೆ ಕುತ್ತಿಗೆಯ ಸ್ಕ್ಯಾನ್ ಮಾಡುವಾಗ ಮಾಸ್ಕ್‌ನ ಲೋಹ ಬಿಸಿಯಾಗಿ ಮುಖ ಸುಟ್ಟಿದೆ. ಓಲೆ, ಬಳೆ, ತಾಳಿ ತೆಗೆಯಬೇಕು ಅಂತ ನಮ್ಮವರಿಗೆ ಗೊತ್ತು. ಬಟ್ಟೆ ಮಾಸ್ಕ್‌ನ ಒಳಗೆ ತಂತಿ ಇದೆ ಅಂತ ಹೊರಗಿನಿಂದ ಕಾಣುವುದೇ ಇಲ್ಲ. ತಂತಿ ಎಳೆದು ತೆಗೆಯುವ ಹಾಗೆ ಹೊಲಿಯಲು ಇದೂ ಒಂದು ಕಾರಣ. ಹಾಗೆಯೇ ಮೈಕ್ರೋವೇವ್ ಓವನ್‌ನಲ್ಲಿ ಮಾಸ್ಕ್ ಇಟ್ಟು ಬಿಸಿ ಮಾಡುವ ವಿಡಿಯೋಗಳು ಓಡಾಡುತ್ತಿವೆ. ಲೋಹ ಇದ್ದರೆ ಕಿಡಿ ಹಾರುತ್ತದೆ, ಬಟ್ಟೆಗೆ ಬೆಂಕಿ ಹತ್ತುತ್ತದೆ.

ಕೆರಗೋಡು ಹೊಲಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಸಂಘದವರ ಜೊತೆ ಕೂತು ಇದನ್ನೆಲ್ಲ ಓದಿದೆವು. ನಮಗೆ ಕಂಡದ್ದು ಹೀಗೆ. ಹೈಸ್ಕೂಲ್ ಮಕ್ಕಳಿಗೆ ಮೈಸೂರಿಂದ ಅಲ್ಯೂಮಿನಿಯಂ ಪಟ್ಟಿ ತರಿಸುತ್ತೇವೆ. ತರಿಸುವ ತನಕ ರೀವೈಂಡಿಂಗ್ ಅಣ್ಣ ಹೇಳಿದ ಹೊಸ ತಾಮ್ರದ ತುಂಡು, ತುದಿಗೆ ಬಳೆ ತಿರುಗಿಸಿ. ಟೈಲರ್ ಅಣ್ಣನ ಸೀಳಿನ ಪಟ್ಟಿ ಒಂದು ಮಾದರಿ ಹೊಲಿದು ನೋಡಿದೆ, ಬಂತು. ಆದರೆ ತಂತಿ ಹೋಗುವ ದಾರಿ ಎಷ್ಟು ಅಗಲ ಬಿಡಬೇಕು? ನಾನು ಮುಕ್ಕಾಲು ಅಂಗುಲ ಬಿಟ್ಟಿದ್ದೆ, ತಂತಿ ಒಳಗೆ ಅಡ್ಡಾಡುತ್ತಿದೆ.

ಮತ್ತೆ, ಈಗಾಗಲೇ ಒಂದಿಷ್ಟು ಮಾಸ್ಕ್ ಮೇಲೆ ತುಕ್ಕಿನ ಕಲೆ ಆಗಿದೆ, ಹಿಂದೆ ಯಾರೋ ಕೊಟ್ಟ ತಂತಿಯಿಂದ. ಬಟ್ಟೆ ಗಟ್ಟಿಯಾಗೇ ಇದೆ, ಬಿಸಾಡಲು ಮನಸ್ಸಿಲ್ಲ.

ಚಾಮುಂಡಿಪುರಂ ಓದುಗಿ

ತುಕ್ಕಿನ ಕಲೆಗೆ ನಿಂಬೆಹಣ್ಣಿನ ರಸ ಮತ್ತು ಉಪ್ಪು ಹಚ್ಚಿ ಬಿಸಿಲಲ್ಲಿ ಇಡಿ, ಆಮೇಲೆ ಚೆನ್ನಾಗಿ ಜಾಲಿಸಿ. ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ನಿಂಬೆ ಬಣ್ಣ ಎಳೆಯಬಹುದು. ಬ್ಲೀಚ್ ಹಾಕಬೇಡಿ, ಅದರಿಂದ ತುಕ್ಕಿನ ಕಲೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಮೇಷ್ಟ್ರು ಸರಸ್ವತಿಪುರಂ

ಕನ್ನಡಕದ ಮಕ್ಕಳಿಗೆ ಒಂದು ಮಾತು ಹೇಳಿ. ಕನ್ನಡಕವನ್ನು ಮಾಸ್ಕ್‌ನ ಮೇಲಂಚಿನ ಮೇಲೆ ಕೂರಿಸಬೇಕು, ಅಂಚಿನ ಒಳಗೆ ಅಲ್ಲ. ಚೌಕಟ್ಟಿನ ಭಾರವೇ ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ. ಬೆಳಿಗ್ಗೆ ಗಾಜನ್ನು ಸೋಪಿನ ನೀರಲ್ಲಿ ತೊಳೆದು, ಒರೆಸದೆ ಗಾಳಿಗೆ ಒಣಗಲು ಬಿಟ್ಟರೆ ಸ್ವಲ್ಪ ಹೊತ್ತು ಮಂಜು ಹನಿಗಟ್ಟುವುದಿಲ್ಲ. ಸೋರುವುದನ್ನು ಇದು ನಿಲ್ಲಿಸುವುದಿಲ್ಲ, ಬೋರ್ಡ್ ಕಾಣುವುದಕ್ಕೆ ಮಾತ್ರ.

ಪಾಂಡವಪುರ ಟೈಲರ್

ಮುಕ್ಕಾಲು ಅಂಗುಲ ಜಾಸ್ತಿ ಆಯ್ತು ತಾಯಿ. 5 ಮಿ.ಮೀ. ಪಟ್ಟಿಗೆ ಹೊಲಿಗೆಯಿಂದ ಹೊಲಿಗೆಗೆ 8 ಮಿ.ಮೀ. ಬಿಡಿ. ತಾಮ್ರದ ಬಳೆ ಇರುವ ತಂತಿಗೆ ಬಳೆಯ ಅಗಲ ನೋಡಿ ಅದಕ್ಕಿಂತ ಒಂದು ದಾರದಷ್ಟು ಜಾಸ್ತಿ ಬಿಡಿ. ಮೊದಲು ದಾರಿ ಹೊಲಿದು ಆಮೇಲೆ ತಂತಿ ತೂರಿಸಿ. ತಂತಿ ಒಳಗಿಟ್ಟು ಹೊಲಿಯಲು ಹೋದರೆ ಸೂಜಿ ತಾಗಿ ಮುರಿದು ಮುಖಕ್ಕೆ ಹಾರುತ್ತದೆ. ಎರಡೂ ತುದಿಯಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಗೆ ಓಡಿಸಿ, ಮಕ್ಕಳು ಎಳೆಯುವುದು ಅಲ್ಲೇ.

ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ, ನಾನು ಬಿಡುವಾಗಿರುತ್ತೇನೆ. ಕತ್ತರಿಸಿದ ಬಟ್ಟೆ ತಂದರೆ ಸಂಘದವರಿಗೆ ಟಕ್ಸ್ ಹಿಡಿಯುವುದನ್ನು ಮಾಡಿ ತೋರಿಸುತ್ತೇನೆ. ದಾರ ನನ್ನದೇ ಇರಲಿ.

ಕೆರಗೋಡು ಹೊಲಿಗೆ

ಬರುತ್ತೇವೆ ಅಣ್ಣ. ಎರಡು ಮೆಷಿನ್ ಇದ್ದರೆ ಸಾಕು, ನಾಲ್ಕು ಜನ ಬರುತ್ತೇವೆ. ಇಕ್ಕಳ ನಾವೇ ತರುತ್ತೇವೆ.